ಕ್ಯಾನ್ಸರ್ ಇದ್ದವರಿಗೆ ಫಿಟ್ಸ್ ಬಂದರೆ ತಲೆಯ ಚಿತ್ರ ಏಕೆ ತೆಗೆಸಬೇಕು?



ಯಾರಿಗಾದರೂ ಫಿಟ್ಸ್ ಬಂದೊಡನೆ ಕೈಗೆ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮ ಹಳ್ಳಿಗಳ ವಾಡಿಕೆ. ಫಿಟ್ಸ್ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಬೀಗದಕೈಗೆ ಬರುತ್ತದೆ. ಈ ನಂಬಿಕೆಯಿಂದ ಬಹಳ ನಷ್ಟಪಡುವವರು ಕ್ಯಾನ್ಸರ್ ಇರುವವರು, ಅಥವಾ ಹಿಂದೆ ಅದಕ್ಕೆ ಚಿಕಿತ್ಸೆ ಪಡೆದವರು. ಇಂಥವರಿಗೆ ಮೊದಲ ಸಲ ಫಿಟ್ಸ್ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಮಿದುಳಿನ ಜೀವಕಣಗಳು ಅತಿ ಸಣ್ಣ ವಿದ್ಯುತ್ತಿನ ಮೂಲಕ ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಒಂದು ಭಾಗದ ಕಣಗಳು ಕೆರಳಿ ಒಟ್ಟಿಗೆ ಮಿಡಿದರೆ ಫಿಟ್ಸ್ ಆಗುತ್ತದೆ. ನೆಲಕ್ಕೆ ಬಿದ್ದು ನೊರೆ ಬಂದರೆ ಮಾತ್ರ ಫಿಟ್ಸ್ ಎಂದು ತಿಳಿಯಬಾರದು. ಒಂದೇ ಕೈಯ ಬೆರಳು ಅದುರುವುದು, ಬಾಯಿಯ ಒಂದು ಬದಿ ಎಳೆಯುವುದು, ಮಾತನಾಡುತ್ತಿದ್ದವರು ಅರೆಗಳಿಗೆ ಸುಮ್ಮನೆ ದಿಟ್ಟಿಸುವುದು, ಇವೂ ಫಿಟ್ಸ್ ಆಗಿರಬಹುದು.

ಕಾಲುವೆ ನೀರಿನಲ್ಲಿ ತೇಲಿಬಂದ ಪಾರ್ಥೇನಿಯಂ ಬೀಜ ದೂರದ ಹೊಲದಲ್ಲಿ ಮೊಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಕ್ಯಾನ್ಸರ್ ಕಣಗಳೂ ಹಾಗೆಯೇ ರಕ್ತದಲ್ಲಿ ತೇಲಿ ಮಿದುಳಿನಲ್ಲಿ ನೆಲೆಸಬಲ್ಲವು. ಶ್ವಾಸಕೋಶ, ಸ್ತನ, ಮೂತ್ರಪಿಂಡ ಹಾಗೂ ಮೆಲನೋಮ ಎಂಬ ಚರ್ಮದ ಕ್ಯಾನ್ಸರು ಹೀಗೆ ಹರಡುವುದುಂಟು. ಸ್ತನದ ಆಪರೇಷನ್ ಆಗಿ ಹಲವು ವರ್ಷ ಕಳೆದ ಮೇಲೂ ಇದು ಕಾಣಿಸಿಕೊಳ್ಳಬಹುದು. ಮಗಳ ಮದುವೆಗೆ ಅಡ್ಡಿಯಾದೀತೆಂದು ಹಳೆಯ ಕಾಯಿಲೆಯನ್ನು ಮುಚ್ಚಿಡುವ ಮನೆಗಳನ್ನು ನಾನು ಬಲ್ಲೆ. ಬೇಕಾದರೆ ಊರಿಗೆ ಹೇಳಬೇಡಿ, ವೈದ್ಯರಿಗೆ ಹೇಳಲೇಬೇಕು.

ಆದರೆ ಫಿಟ್ಸ್ ಬಂದ ಮಾತ್ರಕ್ಕೆ ಕ್ಯಾನ್ಸರ್ ತಲೆಗೇರಿತೆಂದು ಎದೆಗೆಡಬಾರದು. ವಾಂತಿಯಿಂದಾಗಿ ರಕ್ತದಲ್ಲಿ ಉಪ್ಪಿನ ಅಂಶ ಇಳಿದಿರಬಹುದು, ಸಕ್ಕರೆ ಕಡಿಮೆಯಾಗಿರಬಹುದು, ಸೋಂಕು ತಗುಲಿರಬಹುದು, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇವಕ್ಕೆ ಬೇರೆಯೇ ಔಷಧ. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿಗಳೂ ಕ್ಷಯದ ಗಂಟುಗಳೂ ಮಿದುಳಿನಲ್ಲಿ ಕುಳಿತು ಫಿಟ್ಸ್ ತರುತ್ತವೆ. ಚಿತ್ರದಲ್ಲಿ ಅವು ಕೆಲವೊಮ್ಮೆ ಕ್ಯಾನ್ಸರಿನಂತೆಯೇ ಕಾಣುತ್ತವೆ. ಆಗ ಮತ್ತೊಂದು ಚಿತ್ರ ಅಥವಾ ಚೂರು ತೆಗೆದು ಪರೀಕ್ಷಿಸುವುದು ಅಗತ್ಯವಾಗಬಹುದು. ವೈದ್ಯರು ತಡಮಾಡುತ್ತಾರೆಂದು ದೂರುವವರು ಇದನ್ನು ತಿಳಿದಿರಬೇಕು.

ತುರ್ತಿನಲ್ಲಿ ಸಾಮಾನ್ಯವಾಗಿ ಮೊದಲು ಸಿ.ಟಿ. ತೆಗೆಯುತ್ತಾರೆ. ಎಕ್ಸ್‌ರೇ ತಲೆಯ ಸುತ್ತ ತಿರುಗಿ ಕೆಲವೇ ನಿಮಿಷಗಳಲ್ಲಿ ರಕ್ತಸ್ರಾವ, ಬಾವು ಇವನ್ನು ತೋರಿಸುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಈ ಯಂತ್ರದಿಂದ ಮೊತ್ತಮೊದಲು ಪರೀಕ್ಷಿಸಿದ ರೋಗಿಯೂ ಮಿದುಳಿನಲ್ಲಿ ಗೆಡ್ಡೆಯಿರುವ ಶಂಕೆಯಿದ್ದ ಒಬ್ಬ ಹೆಂಗಸೇ. ಸಣ್ಣ ಗಂಟುಗಳನ್ನು ಕಾಣಲು ಎಂ.ಆರ್.ಐ. ಮೇಲು. ಅದರಲ್ಲಿ ಎಕ್ಸ್‌ರೇ ಇಲ್ಲ, ಬಲವಾದ ಅಯಸ್ಕಾಂತವಿದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗದೆ ಮಲಗಬೇಕು, ಸದ್ದು ಬಹಳ. ತಾಳಿ, ಕಾಲುಂಗುರ, ಬೆಳ್ಳಿ ಉಡಿದಾರ, ತಾಯಿತ ಎಲ್ಲವನ್ನೂ ತೆಗೆದಿಡಬೇಕು. ತಾಳಿ ತೆಗೆಯಲು ಅಳುಕುವವರು ಅಷ್ಟು ಹೊತ್ತು ಅರಿಶಿನದ ದಾರ ಕಟ್ಟಿಕೊಳ್ಳಬಹುದು. ಎದೆಯಲ್ಲಿ ಪೇಸ್‌ಮೇಕರ್, ಕಣ್ಣಿನಲ್ಲಿ ಕಬ್ಬಿಣದ ಚೂರು, ಮೂತ್ರಪಿಂಡದ ಕಾಯಿಲೆ ಅಥವಾ ಬಸಿರು ಇದ್ದರೆ ಮೊದಲೇ ತಿಳಿಸಬೇಕು.

ಗಂಟು ಇದೆಯೆಂದಾದರೂ ಮಾಡುವುದು ಸಾಕಷ್ಟಿದೆ. ಬಾವು ಇಳಿಸಲು ಡೆಕ್ಸಾಮೆಥಸೋನ್, ಫಿಟ್ಸ್ ತಡೆಯಲು ಬೇರೆ ಗುಳಿಗೆ, ಮೇಲೆ ವಿಕಿರಣ ಅಥವಾ ಶಸ್ತ್ರಚಿಕಿತ್ಸೆ. ಗುಳಿಗೆಯನ್ನು ಮನಸ್ಸಿಗೆ ಬಂದಂತೆ ನಿಲ್ಲಿಸಿದರೆ ಫಿಟ್ಸ್ ಮತ್ತೆ ಬರಬಹುದು.

ಫಿಟ್ಸ್ ಬಂದಾಗ ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ, ಕೈಕಾಲು ಅದುಮಬೇಡಿ, ಗಡಿಯಾರ ನೋಡಿ. 5 ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ವೈದ್ಯರು ಒಪ್ಪುವವರೆಗೆ ಟ್ರ್ಯಾಕ್ಟರ್ ಓಡಿಸುವುದು, ಮೇವು ಕತ್ತರಿಸುವ ಯಂತ್ರದ ಕೆಲಸ, ಒಬ್ಬರೇ ಬಾವಿಗೆ ಇಳಿಯುವುದು ಬೇಡ.

ಮುಂದಿನ ಸಲ ಹೋಗುವಾಗ ಹಳೆಯ ಫಿಲ್ಮು, ಚೀಟಿಗಳನ್ನು ಒಯ್ಯಿರಿ. ಗಂಟು ಬೆಳೆದಿದೆಯೋ ಕುಗ್ಗಿದೆಯೋ ಎಂಬುದು ಎರಡು ಚಿತ್ರಗಳನ್ನು ಹೋಲಿಸಿದಾಗಲೇ ತಿಳಿಯುತ್ತದೆ. ಅಟ್ಟದಲ್ಲಿಟ್ಟರೆ ಇಲಿ ಕಡಿಯುತ್ತದೆ. ಪಹಣಿ ಪತ್ರ ಇಡುವ ಟ್ರಂಕಿನಲ್ಲೇ ಇಡಿ.