ಹೊಸದಾಗಿ ಜೋಡಿಸಿದ ಗಣಕಯಂತ್ರದ ಪರದೆಯಲ್ಲಿ ಚಿತ್ರ ಮೂಡದಿದ್ದಲ್ಲಿ ಅನುಸರಿಸಬೇಕಾದ ಕ್ರಮಗಳು

ಆನ್‌ಲೈನ್ ಅರ್ಜಿ ಸಲ್ಲಿಕೆ, ಮಕ್ಕಳ ವಿದ್ಯಾಭ್ಯಾಸ ಹಾಗೂ ಸ್ವಉದ್ಯೋಗದ ಉದ್ದೇಶಕ್ಕಾಗಿ ಅನೇಕ ನಾಗರಿಕರು ಬಿಡಿಭಾಗಗಳನ್ನು ಖರೀದಿಸಿ ಗಣಕಯಂತ್ರವನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಸ್ವಿಚ್ ಒತ್ತಿದಾಗ ಫ್ಯಾನ್‌ಗಳು ತಿರುಗಿ ದೀಪಗಳು ಬೆಳಗಿದರೂ ಮಾನಿಟರ್ ಪರದೆಯು ಕಪ್ಪಾಗಿಯೇ ಉಳಿಯುವುದುಂಟು. ಇಂತಹ ಸಂದರ್ಭದಲ್ಲಿ ಬಿಡಿಭಾಗ ಸುಟ್ಟಿದೆಯೆಂದು ಭಾವಿಸಿ ಹೊಸದನ್ನು ಕೊಳ್ಳುವುದು ಅನಗತ್ಯ ವೆಚ್ಚಕ್ಕೆ ದಾರಿಯಾಗುತ್ತದೆ. ಸಡಿಲವಾದ ಅಥವಾ ತಪ್ಪಾದ ಜೋಡಣೆಯೂ ಇದೇ ಲಕ್ಷಣವನ್ನು ತೋರಿಸುತ್ತದೆ. ಆದ್ದರಿಂದ ಖರ್ಚಿಲ್ಲದ ಪರಿಶೀಲನೆಯನ್ನು ಮೊದಲು ಕೈಗೊಂಡು, ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ಗಮನಿಸತಕ್ಕದ್ದು.

1. ಮುನ್ನೆಚ್ಚರಿಕೆ
ಕ್ಯಾಬಿನೆಟ್ ಒಳಗೆ ಕೈ ಹಾಕುವ ಮುನ್ನ ಪ್ರತಿ ಬಾರಿಯೂ ವಿದ್ಯುತ್ ಪ್ಲಗ್ ಅನ್ನು ಗೋಡೆಯಿಂದ ತೆಗೆದು, ಗಣಕಯಂತ್ರದ ಸ್ವಿಚ್ ಅನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ದೇಹದಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆಯಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾವುದೇ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ತೆಗೆದ ನಂತರವೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

2. ಮಾನಿಟರ್ ಮತ್ತು ಕೇಬಲ್
ಮಾನಿಟರ್‌ಗೆ ವಿದ್ಯುತ್ ಬರುತ್ತಿದೆಯೇ, ಬಳಸಿದ ಕೇಬಲ್‌ಗೆ ತಕ್ಕ ಇನ್‌ಪುಟ್ (ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್) ಆಯ್ಕೆಯಾಗಿದೆಯೇ ಎಂದು ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಕೇಬಲ್ ಅನ್ನು ಆ ಕಾರ್ಡಿಗೇ ಸಂಪರ್ಕಿಸತಕ್ಕದ್ದು. ಇಂಟೆಲ್ ಪ್ರೊಸೆಸರ್‌ನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರಲ್ಲಿ ಅಂತರ್ಗತ ಗ್ರಾಫಿಕ್ಸ್ ಲಭ್ಯವಿರುವುದಿಲ್ಲ. ಎಎಂಡಿ ರೈಜನ್ 5000 ಸರಣಿಯಲ್ಲಿ ‘ಜಿ’ ಅಕ್ಷರವಿಲ್ಲದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೂ ಇದು ಅನ್ವಯಿಸುತ್ತದೆ. ಇಂತಹವುಗಳಲ್ಲಿ ಮದರ್‌ಬೋರ್ಡಿನ ಕಿಂಡಿಗೆ ಕೇಬಲ್ ಜೋಡಿಸಿದರೆ ಚಿತ್ರ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಅಗತ್ಯವಾಗಿರುತ್ತದೆ.

3. ಒಳಗಿನ ವಿದ್ಯುತ್ ಸಂಪರ್ಕ
ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್ ಜೊತೆಗೆ, ಪ್ರೊಸೆಸರ್‌ಗೆ ವಿದ್ಯುತ್ ನೀಡುವ 4 ಅಥವಾ 8 ಪಿನ್ ಕನೆಕ್ಟರ್ ಅನ್ನೂ ಪೂರ್ಣವಾಗಿ ಒತ್ತಿ ಕೂರಿಸಬೇಕು. ಎರಡನೆಯದು ಮರೆತುಹೋದರೂ ಫ್ಯಾನ್‌ಗಳು ತಿರುಗುತ್ತವೆ, ಆದರೆ ಗಣಕಯಂತ್ರ ಆರಂಭವಾಗುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಪ್ರತ್ಯೇಕ ವಿದ್ಯುತ್ ಕಿಂಡಿ ಇದ್ದಲ್ಲಿ ಅದಕ್ಕೂ ಸಂಪರ್ಕ ನೀಡಬೇಕು.

4. ರ್ಯಾಮ್
ರ್ಯಾಮ್ ಪಟ್ಟಿಯನ್ನು ತೆಗೆದು, ಅದರ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವಂತೆ ಇಟ್ಟು, ಕ್ಲಿಪ್ ‘ಟಕ್’ ಎಂದು ಮುಚ್ಚುವವರೆಗೆ ಒತ್ತಬೇಕು. ನಂತರ ಒಂದೇ ಪಟ್ಟಿಯನ್ನು ಕೈಪಿಡಿಯಲ್ಲಿ ಸೂಚಿಸಿದ ಸ್ಲಾಟಿನಲ್ಲಿಟ್ಟು ಪರೀಕ್ಷಿಸಬೇಕು. ನಾಲ್ಕು ಸ್ಲಾಟ್‌ಗಳಿರುವ ಬಹುತೇಕ ಬೋರ್ಡ್‌ಗಳಲ್ಲಿ ಇದು ಪ್ರೊಸೆಸರ್ ಕಡೆಯಿಂದ ಎರಡನೆಯದು. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಹೊಂದುವುದಿಲ್ಲವಾದ್ದರಿಂದ ಬಲಪ್ರಯೋಗ ಮಾಡಬಾರದು. ಡಿಡಿಆರ್5 ಇರುವ ಗಣಕಯಂತ್ರವು ಮೊದಲ ಬಾರಿ ಆರಂಭವಾಗುವಾಗ ಕೆಲವು ನಿಮಿಷ ಪರದೆ ಕಪ್ಪಾಗಿರುವುದು ಸಹಜ; ಆ ಅವಧಿಯಲ್ಲಿ ವಿದ್ಯುತ್ ಕಡಿತಗೊಳಿಸದೆ ಕಾಯಬೇಕು.

5. ಸೂಚನಾ ದೀಪಗಳು
ಅನೇಕ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್, ರ್ಯಾಮ್, ಗ್ರಾಫಿಕ್ಸ್ ಮತ್ತು ಬೂಟ್ ಎಂಬ ನಾಲ್ಕು ಸೂಚನಾ ದೀಪಗಳಿರುತ್ತವೆ. ಆರದೆ ಉಳಿದ ದೀಪವು ತೊಂದರೆ ಯಾವ ಹಂತದಲ್ಲಿದೆ ಎಂಬುದನ್ನು ಸೂಚಿಸುತ್ತದೆ. ಬೀಪ್ ಶಬ್ದಗಳ ಅರ್ಥವು ತಯಾರಕರಿಗನುಗುಣವಾಗಿ ಬದಲಾಗುವುದರಿಂದ ಕೈಪಿಡಿಯನ್ನೇ ನೋಡತಕ್ಕದ್ದು.

6. ಬಯೋಸ್
ಪ್ಲಗ್ ತೆಗೆದು, ಮದರ್‌ಬೋರ್ಡಿನ ಗುಂಡು ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಮರಳಿ ಹಾಕಿದಲ್ಲಿ ಬಯೋಸ್ ಮೂಲ ಸ್ಥಿತಿಗೆ ಬರುತ್ತದೆ. ಬೋರ್ಡ್ ತಯಾರಾದ ನಂತರ ಬಿಡುಗಡೆಯಾದ ಪ್ರೊಸೆಸರ್‌ಗೆ ನವೀಕರಿಸಿದ ಬಯೋಸ್ ಬೇಕಾಗುತ್ತದೆ. ಉದಾಹರಣೆಗೆ, 2018ರ ಬಿ450 ಬೋರ್ಡ್‌ಗಳು 2020ರ ರೈಜನ್ 5000 ಸರಣಿಯನ್ನು ಬಯೋಸ್ ನವೀಕರಣದ ನಂತರವೇ ಗುರುತಿಸುತ್ತವೆ. ಇಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ತಯಾರಕರ ಜಾಲತಾಣದಲ್ಲಿನ ಹೊಂದಾಣಿಕೆಯ ಪಟ್ಟಿಯನ್ನು ಖರೀದಿಗೆ ಮುನ್ನವೇ ನೋಡುವುದು ಒಳಿತು.

7. ಕನಿಷ್ಠ ಜೋಡಣೆ
ಮೇಲ್ಕಂಡ ಕ್ರಮಗಳಿಂದ ಫಲ ದೊರೆಯದಿದ್ದಲ್ಲಿ ಮದರ್‌ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿರಿಸಿ, ಪ್ರೊಸೆಸರ್, ಕೂಲರ್, ಒಂದು ರ್ಯಾಮ್, ಪವರ್ ಸಪ್ಲೈ ಹಾಗೂ ಅಗತ್ಯವಿದ್ದಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಜೋಡಿಸಿ ಪರೀಕ್ಷಿಸಬೇಕು. ಆಗ ಚಿತ್ರ ಬಂದಲ್ಲಿ, ಕ್ಯಾಬಿನೆಟ್‌ನ ತಪ್ಪು ಸ್ಥಳದಲ್ಲಿರುವ ಸ್ಟ್ಯಾಂಡ್‌ಆಫ್ ಬೋರ್ಡಿನ ಹಿಂಬದಿಗೆ ತಗುಲಿ ಶಾರ್ಟ್ ಆಗಿರುವ ಅಥವಾ ಹೊರಗಿಟ್ಟ ಭಾಗದಲ್ಲಿ ದೋಷವಿರುವ ಸಾಧ್ಯತೆ ಇದೆ. ಹೊರಗಿಟ್ಟ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಬೇಕು.

8. ದೋಷ ದೃಢಪಟ್ಟಲ್ಲಿ
ಬಿಲ್, ಖಾತರಿ ಪತ್ರ ಮತ್ತು ಪೆಟ್ಟಿಗೆಗಳನ್ನು ಕಾಯ್ದಿರಿಸಿ ಮಾರಾಟಗಾರರನ್ನು ಕೂಡಲೇ ಸಂಪರ್ಕಿಸತಕ್ಕದ್ದು. ಬದಲಾವಣೆಗೆ ನೀಡುವ ಕಾಲಾವಕಾಶ ಕೆಲವೇ ದಿನಗಳದ್ದಾಗಿರಬಹುದು. ಪ್ರೊಸೆಸರ್ ಕೂರುವ ಸಾಕೆಟ್‌ನ ಪಿನ್‌ಗಳು ಬಾಗಿದ್ದಲ್ಲಿ ತಾವೇ ಸರಿಪಡಿಸಲು ಯತ್ನಿಸದೆ ಛಾಯಾಚಿತ್ರ ತೆಗೆದು ತಿಳಿಸುವುದು ಸೂಕ್ತ. ದೋಷಯುಕ್ತ ವಸ್ತುವಿಗೆ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವ್ಯಾಜ್ಯಕ್ಕೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ.

ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಗಣಕಯಂತ್ರದ ದುರಸ್ತಿಗಾಗಿ ಕಾಯದೆ ಹತ್ತಿರದ ನಾಗರಿಕ ಸೇವಾ ಕೇಂದ್ರದ ಮೂಲಕ ಅರ್ಜಿ ಸಲ್ಲಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.