ಕೋರ್ಟಿಗೆ ಹೋಗದೇ ಇದ್ದಾಗ ಮನೆ ಖಾಲಿ ಮಾಡೋ ಆದೇಶ ಬಂತಾ? ಕೇಸನ್ನ ಮತ್ತೆ ತೆರೆಸೋ ದಾರಿ ಇದೆ

ನೀವು ಬೆಂಗಳೂರಲ್ಲಿ ಕೆಲಸದಲ್ಲಿದ್ದೀರಿ. ಅಪ್ಪ-ಅಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಥವಾ ಜಗಳೂರಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಒಂದು ದಿನ ಫೋನ್ ಬರುತ್ತೆ: "ಕೋರ್ಟಿಂದ ಅಮೀನ ಬಂದಿದ್ರು, ಮನೆ ಖಾಲಿ ಮಾಡ್ಬೇಕಂತೆ." ಕೇಸ್ ನಡೀತಿತ್ತು ಅನ್ನೋದೇ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈಗೇನು ಮಾಡೋದು? ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು, ಇದು ಯಾವ ಥರದ ಆದೇಶ?

ಬಾಡಿಗೆದಾರರು ಹಾಜರಾಗದೇ ಇದ್ದಾಗ ಕೋರ್ಟ್ ಮಾಲೀಕರ ಮಾತನ್ನಷ್ಟೇ ಕೇಳಿ ತೀರ್ಪು ಕೊಡಬಹುದು. ಇದಕ್ಕೆ ಏಕಪಕ್ಷೀಯ ಡಿಕ್ರಿ ಅಂತಾರೆ, ವಕೀಲರ ಬಾಯಲ್ಲಿ ಎಕ್ಸ್‌ಪಾರ್ಟೆ. ಇದನ್ನ ರದ್ದು ಮಾಡಿ, ನಮ್ಮ ಮಾತನ್ನೂ ಕೇಳಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದ್ರೆ ಸಿಪಿಸಿಯ ಆದೇಶ 9, ನಿಯಮ 13 ಇದಕ್ಕಾಗಿಯೇ ಇದೆ.

ಒಂದು ಎಚ್ಚರಿಕೆ. ಸ್ವತ್ತು ವರ್ಗಾವಣೆ ಕಾಯ್ದೆ 1882ರ ಪ್ರಕಾರ ನೋಟಿಸ್ ಕೊಟ್ಟು ಹಾಕಿದ ಮಾಮೂಲಿ ಸಿವಿಲ್ ದಾವೆಯ ಬಗ್ಗೆ ಇಲ್ಲಿ ಹೇಳ್ತಿದ್ದೀವಿ. ಕರ್ನಾಟಕ ಬಾಡಿಗೆ ಕಾಯ್ದೆ 1999ರ ಅಡಿಯಲ್ಲಿ ಬಂದ ಆದೇಶವಾದರೆ ದಾರಿ ಬೇರೆಯಾಗಬಹುದು. ಆದೇಶದಲ್ಲಿ ಯಾವ ಕಾಯ್ದೆಯ ಹೆಸರಿದೆ, ನೋಡಿ.

ಯಾವ ಕಾರಣ ನಡೆಯುತ್ತೆ?

ಎರಡೇ ಕಾರಣ. ಒಂದು, ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ. ಎರಡು, ಆ ದಿನ ಹಾಜರಾಗದಿರೋಕೆ ಸಾಕಷ್ಟು ಕಾರಣ ಇತ್ತು.

"ನನ್ನ ಕೈಗೆ ಕೊಡಲಿಲ್ಲ" ಅಂದ್ರೆ ಸಾಲದು. ನೀವು ಮನೆಯಲ್ಲಿಲ್ಲದೆ, ಬೇಗ ಸಿಗೋ ಹಾಗೂ ಇಲ್ಲದಿದ್ದಾಗ ಜೊತೆಯಲ್ಲಿರೋ ವಯಸ್ಕ ಕುಟುಂಬ ಸದಸ್ಯರಿಗೆ ಸಮನ್ಸ್ ಕೊಟ್ಟರೂ ನಡೆಯುತ್ತೆ. ಮನೆಗೆಲಸದವರಿಗೆ ಕೊಟ್ಟರೆ ನಡೆಯಲ್ಲ. ಜಾರಿಯಲ್ಲಿ ಸಣ್ಣ ಲೋಪ ಇದ್ದು, ವಿಚಾರಣೆಯ ದಿನಾಂಕ ನಿಮಗೆ ಮೊದಲೇ ಗೊತ್ತಿತ್ತು, ಬರೋಕೆ ಸಮಯವೂ ಇತ್ತು ಅಂತ ಕೋರ್ಟಿಗೆ ಖಾತ್ರಿಯಾದರೆ, ಆ ಲೋಪವೊಂದಕ್ಕೇ ಡಿಕ್ರಿ ರದ್ದಾಗಲ್ಲ.

ಕಾರಣ ಅಂದ್ರೆ ಯಾವ ದಿನದ ಕಾರಣ? ಗೈರುಹಾಜರಿಯಿಂದ ಏಕಪಕ್ಷೀಯವಾಗಿ ಮುಂದುವರಿದ ಆ ದಿನದ ಕಾರಣವನ್ನ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದೆ. ಹೊನ್ನಾಳಿಯ ಅಂಗಡಿಯವರೊಬ್ಬರು ಆ ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ದಾಖಲಾಗಿದ್ದರು ಅಂದುಕೊಳ್ಳಿ. ದಿನಾಂಕ ಇರೋ ಡಿಸ್ಚಾರ್ಜ್ ಚೀಟಿಯೇ ಅವರ ದೊಡ್ಡ ಸಾಕ್ಷಿ.

30 ದಿನದ ಲೆಕ್ಕ

ಇಡೀ ವಿಷಯದಲ್ಲಿ ಜನ ಎಡವೋದು ಇಲ್ಲೇ. ಅರ್ಜಿ ಹಾಕೋಕೆ 30 ದಿನ ಮಾತ್ರ. ಸಮನ್ಸ್ ಸರಿಯಾಗಿ ತಲುಪಿದ್ದರೆ ಡಿಕ್ರಿ ಆದ ದಿನದಿಂದ ಎಣಿಕೆ. ತಲುಪಿಯೇ ಇರಲಿಲ್ಲ ಅಂದ್ರೆ ಡಿಕ್ರಿ ವಿಷಯ ನಿಮಗೆ ಗೊತ್ತಾದ ದಿನದಿಂದ.

ಉದಾಹರಣೆಗೆ, ಡಿಕ್ರಿ ಆಗಿದ್ದು ಜೂನ್ 1. ಜಗಳೂರಿನ ಮನೆಗೆ ಅಮೀನ ಬಂದಿದ್ದು ಆಗಸ್ಟ್ 10. ಸಮನ್ಸ್ ಬಂದೇ ಇರಲಿಲ್ಲ, ವಿಷಯ ಬೇರೆ ದಾರಿಯಲ್ಲೂ ಗೊತ್ತಾಗಿರಲಿಲ್ಲ ಅಂದ್ರೆ ಎಣಿಕೆ ಆಗಸ್ಟ್ 10ರಿಂದ. ಸಮನ್ಸ್ ಬಂದಿತ್ತು, ಕಾಯಿಲೆಯಿಂದ ಹೋಗಲಾಗಲಿಲ್ಲ ಅಂದ್ರೆ ಜೂನ್ 1ರಿಂದಲೇ. ತಡವಾಗಿದ್ದರೆ ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ ಹಾಕಿ, ಯಾಕೆ ತಡ ಆಯ್ತು ಅಂತ ವಿವರಿಸಬೇಕು. ಮನ್ನಿಸೋದು ಬಿಡೋದು ಜಡ್ಜ್ ಕೈಯಲ್ಲಿದೆ.

ಅರ್ಜಿ ಹಾಕಿದ್ರೆ ಖಾಲಿ ಮಾಡಿಸೋದು ನಿಲ್ಲುತ್ತಾ?

ತಾನಾಗಿ ನಿಲ್ಲಲ್ಲ. ಡಿಕ್ರಿಯ ಜಾರಿಗೆ ತಡೆಯಾಜ್ಞೆ ಬೇಕು ಅಂತ ಜೊತೆಗೇ ಕೇಳಬೇಕು. ಇದನ್ನ ಮರೆತರೆ ಅರ್ಜಿ ವಿಚಾರಣೆಗೆ ಬರೋ ಹೊತ್ತಿಗೆ ಸಾಮಾನು ಬೀದಿಯಲ್ಲಿರಬಹುದು.

ಡಿಕ್ರಿ ರದ್ದಾದ್ರೆ ನೀವು ಗೆದ್ದಂತಲ್ಲ, ಹಳೇ ಕೇಸ್ ಮತ್ತೆ ಶುರುವಾಗುತ್ತೆ ಅಷ್ಟೇ. ಖರ್ಚು ಕೊಡಿ, ದುಡ್ಡು ಕೋರ್ಟಿಗೆ ಕಟ್ಟಿ ಅಂತ ಕೋರ್ಟ್ ಷರತ್ತು ಹಾಕಬಹುದು. ಅದಕ್ಕೇ ಬಾಡಿಗೆ ಕಟ್ಟಿದ ಯುಪಿಐ ಸ್ಕ್ರೀನ್‌ಶಾಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಕರಾರು ಪತ್ರ ಎಲ್ಲ ಜೋಡಿಸಿಟ್ಟುಕೊಳ್ಳಿ.

ಬೇರೆ ದಾರಿಗಳು

ಮೇಲಿನ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಹೈಕೋರ್ಟ್ ಬಿಟ್ಟು ಬೇರೆ ಕೋರ್ಟಿಗಾದರೆ ಅದಕ್ಕೂ 30 ದಿನ. ಆದ್ರೆ ಅದೇ ಡಿಕ್ರಿ ಮೇಲೆ ಹಾಕಿದ ಮೇಲ್ಮನವಿ ವಜಾ ಆಯ್ತು ಅಂದ್ರೆ, ಆಮೇಲೆ ನಿಯಮ 13ರ ಬಾಗಿಲು ಮುಚ್ಚಿಹೋಗುತ್ತೆ. ಹಾಗಾಗಿ ಯಾವುದನ್ನ ಹಿಡೀಬೇಕು ಅಂತ ವಕೀಲರ ಜೊತೆ ಕೂತು ಮೊದಲೇ ನಿರ್ಧರಿಸಿ. ನೀವು ಹಾಜರಾಗಿ ವಾದಿಸಿಯೂ ಸೋತಿದ್ದರೆ ನಿಯಮ 13 ಸಿಗಲ್ಲ, ಮೇಲ್ಮನವಿಯೇ ದಾರಿ. ತೀರ್ಪಲ್ಲಿ ಕಣ್ಣಿಗೆ ಕಾಣೋ ತಪ್ಪಿದ್ದರೆ, ಅಥವಾ ಎಷ್ಟು ಹುಡುಕಿದ್ರೂ ಆಗ ಸಿಗದಿದ್ದ ಮುಖ್ಯ ಸಾಕ್ಷಿ ಈಗ ಸಿಕ್ಕಿದ್ದರೆ, ಅದೇ ಕೋರ್ಟಿಗೆ ಮರುಪರಿಶೀಲನಾ ಅರ್ಜಿ ಹಾಕಬಹುದು.

ಇವತ್ತೇ ಮಾಡಬೇಕಾದ್ದು

ಫೋನಲ್ಲಿ ಇಕೋರ್ಟ್ಸ್ ಸರ್ವೀಸಸ್ ಆ್ಯಪ್ ಹಾಕ್ಕೊಳ್ಳಿ. ಕೇಸ್ ನಂಬರ್, ಪಕ್ಷಗಾರರ ಹೆಸರು ಅಥವಾ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಹಾಕಿ ಹುಡುಕಿ. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಅದಕ್ಕೇ ಅಲ್ಲಿಯವರು ಯಾವ ಕೋರ್ಟ್ ಅಂತ ಊಹಿಸಬೇಡಿ, ಕಾಗದದ ತಲೆಬರಹ ನೋಡಿ. ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಅಮೀನ ಬಂದ ದಿನಾಂಕ ಬರೆದಿಡಿ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳಬಹುದು. ಆದಾಯ ಮಿತಿಯೊಳಗಿರೋ ಉಳಿದವರಿಗೂ ಸಿಗುತ್ತೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲಾಂದ್ರೆ 15100ಕ್ಕೆ ಕರೆ ಮಾಡಿ. ಊರಲ್ಲಿರೋ ಹಿರಿಯರಿಗೂ ಒಂದು ಮಾತು ಹೇಳಿಡಿ: ಕೋರ್ಟಿಂದ ಯಾವ ಕಾಗದ ಬಂದರೂ ಅವತ್ತೇ ಫೋಟೋ ತೆಗೆದು ವಾಟ್ಸಾಪ್ ಮಾಡಲಿ.