ಕೌಂಟರ್ ದಾಟಿ ಬಂದ ನೋವಿನ ಮಾತ್ರೆ

ಕಮ್ಮನಹಳ್ಳಿ ಮುಖ್ಯರಸ್ತೆಯ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆಗಳನ್ನು ಕೈಗೆತ್ತಿಕೊಂಡು ನೋಡಿದರೆ ಕೆಲವು ಸ್ಟ್ರಿಪ್ಪುಗಳ ಎಡ ಅಂಚಿನಲ್ಲಿ ಉದ್ದಕ್ಕೂ ಒಂದು ಕೆಂಪು ಗೆರೆ ಕಾಣುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬುದರ ಗುರುತು ಅದು. ಬೆನ್ನಿನ ಆಪರೇಷನ್ ಆದವರಿಗೆ, ಮಂಡಿ ಬದಲಿಸಿಕೊಂಡವರಿಗೆ, ಕ್ಯಾನ್ಸರಿನಿಂದ ನರಳುವವರಿಗೆ ಬರೆದುಕೊಡುವ ಟ್ಯಾಪೆಂಟಡಾಲ್ ಈ ಗೆರೆಯ ಮಾತ್ರೆಗಳಲ್ಲಿ ಒಂದು. ಬೆಂಗಳೂರಿನ ಪೂರ್ವಭಾಗದ ಗಲ್ಲಿಗಳಲ್ಲಿ ಅದನ್ನು ಯಾರೂ ಆ ಹೆಸರಿನಿಂದ ಕೇಳುವುದಿಲ್ಲ. ಒಂದು ಬ್ರ್ಯಾಂಡಿನ ಹೆಸರೇ ಎಲ್ಲಕ್ಕೂ ಅಂಟಿಕೊಂಡು ‘ಟೈಡಾಲ್’ ಆಗಿದೆ. ಕೆಲವು ವರ್ಷಗಳಿಂದ ಪೊಲೀಸ್ ದಾಳಿಯ ಸುದ್ದಿಗಳಲ್ಲಿ ಗಾಂಜಾ, ಎಂಡಿಎಂಎ ಜೊತೆಗೆ ಈ ಹೆಸರೂ ಕಾಣಿಸಿಕೊಳ್ಳುತ್ತಿದೆ.

ಈ ಭಾಗದಲ್ಲಿ ಬಹಳ ಕಾಲದಿಂದ ಅಂಗಡಿ ಇಟ್ಟುಕೊಂಡಿರುವ ಔಷಧ ವ್ಯಾಪಾರಿಯೊಬ್ಬರನ್ನು ಕೇಳಿದೆ. ‘ಅಣ್ಣ, ಅಜ್ಜಿಗೆ ಸೊಂಟನೋವು, ಒಂದು ಸ್ಟ್ರಿಪ್ ಕೊಡಿ ಅಂತಾರೆ. ಚೀಟಿ ಎಲ್ಲಪ್ಪಾ ಅಂದ್ರೆ ಮನೇಲಿ ಮರೆತು ಬಂದೆ ಅಂತಾರೆ. ಕೊಡಲ್ಲ ಅಂದ್ರೆ ಜಗಳಕ್ಕೆ ನಿಲ್ತಾರೆ. ರಾತ್ರಿ ಹತ್ತರ ಮೇಲೆ ಅಂಗಡೀಲಿ ನಮ್ಮ ಹುಡುಗ ಒಬ್ಬನೇ ಇರ್ತಾನೆ ಸಾರ್, ಭಯ ಆಗುತ್ತೆ’ ಎಂದರು. ಈಗ ಅವರು ಆ ಮಾತ್ರೆಯನ್ನು ತರಿಸುವುದನ್ನೇ ನಿಲ್ಲಿಸಿದ್ದಾರೆ. ಹಾಗಾಗಿ ನಿಜವಾಗಿ ಬೇಕಾದವರು ಶಿವಾಜಿನಗರದವರೆಗೆ ಹೋಗಬೇಕಾಗಿದೆ.

ಕಮ್ಮನಹಳ್ಳಿಯಲ್ಲಿ ಮಾದಕವಸ್ತುವಿನ ಮಾತು ಬಂದಾಗಲೆಲ್ಲ ಬೆರಳು ಹೊರಗಿನವರ ಕಡೆಗೆ ತಿರುಗುತ್ತದೆ. ಹೆಣ್ಣೂರು, ಬಾಣಸವಾಡಿ, ಎಚ್‌ಆರ್‌ಬಿಆರ್ ಬಡಾವಣೆಗಳ ನಡುವಿನ ಈ ಊರು ಒಂದು ತಲೆಮಾರಿನಲ್ಲೇ ಹಳ್ಳಿಯ ಚಹರೆ ಕಳೆದುಕೊಂಡು ಅಂಗಡಿ, ಹೋಟೆಲು, ಬಾಡಿಗೆ ಮನೆಗಳ ಊರಾಯಿತು. ಕೇರಳದವರು, ಈಶಾನ್ಯ ರಾಜ್ಯದವರು, ಓದಲೆಂದು ಆಫ್ರಿಕಾದ ದೇಶಗಳಿಂದ ಬಂದವರು ಇಲ್ಲಿ ನೆಲೆ ಕಂಡುಕೊಂಡರು. ಅವರಲ್ಲಿ ಒಬ್ಬ ಸಿಕ್ಕಿಬಿದ್ದರೂ ಸಾಕು, ಉಳಿದವರಿಗೆಲ್ಲ ಬಾಡಿಗೆ ಮನೆ ಸಿಗುವುದು ಕಷ್ಟವಾಗುತ್ತದೆ. ಇದು ನ್ಯಾಯವಲ್ಲ, ನಿಜವೂ ಅಲ್ಲ. ಈ ಮಾತ್ರೆ ಹೊರದೇಶದಿಂದ ಕಳ್ಳಸಾಗಣೆಯಾಗಿ ಬಂದದ್ದಲ್ಲ. ತಯಾರಾಗುವುದು ನಮ್ಮದೇ ಕಾರ್ಖಾನೆಗಳಲ್ಲಿ. ಹಾಗೆ ನೋಡಿದರೆ ಅದು ಸಾಗಿದ್ದೇ ತಿರುಗುಮುರುಗಾಗಿ. 2025ರ ಫೆಬ್ರುವರಿಯಲ್ಲಿ ಬಿಬಿಸಿ ನಡೆಸಿದ ತನಿಖೆಯಲ್ಲಿ, ಮುಂಬಯಿಯ ಕಂಪನಿಯೊಂದು ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಯನ್ನು ನೈಜೀರಿಯಾ, ಘಾನಾ, ಐವರಿ ಕೋಸ್ಟ್‌ಗಳ ಬೀದಿಗೆ ತಲುಪಿಸುತ್ತಿದ್ದದ್ದು ಬಯಲಾಯಿತು. ಅದಾದ ಮೇಲೆಯೇ ಕೇಂದ್ರ ಸರ್ಕಾರ ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿಗೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು.

ಟ್ಯಾಪೆಂಟಡಾಲ್ ಅಫೀಮು ಜಾತಿಯ ಔಷಧ. ಅಫೀಮು ಈ ಭಾಗಕ್ಕೆ ಹೊಸದಲ್ಲ. ಕಮ್ಮನಹಳ್ಳಿಯ ಪಕ್ಕದಲ್ಲೇ ಇದ್ದ ದಂಡು ಪ್ರದೇಶ 1947ರವರೆಗೂ ಬ್ರಿಟಿಷರ ಆಡಳಿತದಲ್ಲಿತ್ತು. ಆ ಕಾಲದಲ್ಲಿ ಅಫೀಮು ಕಳ್ಳಮಾಲಾಗಿರಲಿಲ್ಲ, ಸರ್ಕಾರಕ್ಕೆ ಆದಾಯ ತರುವ ಸರಕಾಗಿತ್ತು. 1878ರ ಅಫೀಮು ಕಾಯ್ದೆಯಡಿ ಲೈಸೆನ್ಸು ಪಡೆದ ಅಂಗಡಿಗಳಲ್ಲಿ ಅದು ಸಿಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ದೇಶ ಒಂದು ತೀರ್ಮಾನಕ್ಕೆ ಬಂತು: ಔಷಧಕ್ಕಲ್ಲದ ಅಫೀಮಿನ ಮಾರಾಟವನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸುವುದು. 1959ರ ಹೊತ್ತಿಗೆ ಆ ಅವಧಿ ಮುಗಿಯಿತು. ಹಳೆಯ ವ್ಯಸನಿಗಳು ಮಾತ್ರ ಹೆಸರು ನೋಂದಾಯಿಸಿ ಪಡೆಯಬಹುದಿತ್ತು. ಬಿಡಿಸುವುದಕ್ಕೆ ಹತ್ತು ವರ್ಷ ಕೊಟ್ಟ, ಬಿಡಲಾಗದವರಿಗೆ ಒಂದು ದಾರಿ ಇಟ್ಟ ಆ ವಿವೇಕ ಮುಂದಿನ ದಶಕಗಳಲ್ಲಿ ನಮ್ಮ ಕೈತಪ್ಪಿತು ಎಂದೇ ನನಗನ್ನಿಸುತ್ತದೆ.

1980ರ ದಶಕದ ಆರಂಭದಲ್ಲಿ ದೇಶದ ದೊಡ್ಡ ನಗರಗಳಿಗೆ ‘ಬ್ರೌನ್ ಶುಗರ್’ ಬಂತು. ಅಶುದ್ಧ ಹೆರಾಯಿನ್ ಅದು. ಸಂಸತ್ತು 1985ರಲ್ಲಿ ಮಾದಕವಸ್ತು ನಿಯಂತ್ರಣಕ್ಕೆಂದು ಎನ್‌ಡಿಪಿಎಸ್ ಕಾಯ್ದೆ ತಂದಿತು. ನಿಮ್ಹಾನ್ಸ್‌ನಲ್ಲಿ 1991ರಲ್ಲಿ ವ್ಯಸನ ಬಿಡಿಸುವ ವಿಭಾಗ ಶುರುವಾಯಿತು, ಇವತ್ತಿನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಅದೇ ಮೂಲ. ಹೆಚ್ಚುಕಡಿಮೆ ಅದೇ ಸಮಯಕ್ಕೆ ಕಮ್ಮನಹಳ್ಳಿಗೆ ಹತ್ತಿರದ ಹೆಣ್ಣೂರು ಕ್ರಾಸಿನಲ್ಲಿ ಫ್ರೀಡಂ ಫೌಂಡೇಷನ್ ಕೆಲಸ ಆರಂಭಿಸಿತು. ಮದ್ಯ ಮತ್ತು ಮಾದಕವಸ್ತು ಬಿಡಿಸಲೆಂದು ಹುಟ್ಟಿದ ಸಂಸ್ಥೆ ಕೆಲವೇ ವರ್ಷಗಳಲ್ಲಿ ಎಚ್‌ಐವಿ ಪೀಡಿತರ ಆರೈಕೆಗೂ ಇಳಿಯಬೇಕಾಯಿತು. ಯಾರೂ ಹತ್ತಿರ ಸೇರಿಸದಿದ್ದ ದಿನಗಳಲ್ಲಿ ಆ ಕೆಲಸ ಈ ಪೂರ್ವಭಾಗದಲ್ಲೇ ನಡೆಯಿತು ಎಂಬುದನ್ನು ಇಲ್ಲಿಯವರು ನೆನಪಿಡಬೇಕು.

ಕಾಯ್ದೆ ಪುಡಿಯ ಬೆನ್ನು ಹತ್ತಿದ್ದಾಗ ಚಟ ಮಾತ್ರೆಯ ಕಡೆಗೆ ಸರಿಯಿತು. ಈ ಕಥೆಯ ಮುಖ್ಯ ಭಾಗ ಇದು. ಈಶಾನ್ಯ ರಾಜ್ಯಗಳಲ್ಲಿ ಹೊಟ್ಟೆನೋವಿಗೆ ಕೊಡುವ ಸ್ಪಾಸ್ಮೊ ಪ್ರಾಕ್ಸಿವಾನ್ ಕ್ಯಾಪ್ಸೂಲಿನೊಳಗಿನ ಪುಡಿಯನ್ನು ಹುಡುಗರು ನರಕ್ಕೆ ಚುಚ್ಚಿಕೊಳ್ಳತೊಡಗಿದರು. ಅದರಲ್ಲಿದ್ದದ್ದು ಡೆಕ್ಸ್ಟ್ರೊಪ್ರಾಪಾಕ್ಸಿಫೀನ್ ಎಂಬ ಅಫೀಮು ಜಾತಿಯ ಔಷಧ. 2013ರಲ್ಲಿ ಕೇಂದ್ರ ಸರ್ಕಾರ ಅದರ ಮಾರಾಟ ನಿಲ್ಲಿಸಿತು. ಅದೇ ಹೆಸರಿನ ಮುಂದೆ ‘ಪ್ಲಸ್’ ಸೇರಿಸಿ, ಒಳಗೆ ಟ್ರಮಡಾಲ್ ಇಟ್ಟ ಕ್ಯಾಪ್ಸೂಲು ಮಾರುಕಟ್ಟೆಗೆ ಬಂತು. ಟ್ರಮಡಾಲ್ ಕೂಡ ಚಟವಾಯಿತು. 2018ರ ಏಪ್ರಿಲಿನಲ್ಲಿ ಅದನ್ನು ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದರು. ಆಗ ಪಟ್ಟಿಯ ಹೊರಗೆ ಉಳಿದದ್ದು ಟ್ಯಾಪೆಂಟಡಾಲ್. ಹಳೇ ಹಂಚಿನ ಮನೆಯಲ್ಲಿ ಒಂದು ಕಡೆ ಮುಚ್ಚಿದರೆ ಮಳೆ ಇನ್ನೊಂದು ಕಡೆ ಸೋರುವ ಹಾಗೆ ಬೇಡಿಕೆ ಅದರತ್ತ ಹರಿಯಿತು.

ಟ್ಯಾಪೆಂಟಡಾಲ್ ಜರ್ಮನಿಯ ಗ್ರುನೆಂಥಾಲ್ ಕಂಪನಿಯಲ್ಲಿ ರೂಪುಗೊಂಡದ್ದು. ಅಮೆರಿಕದಲ್ಲಿ 2008ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಅಲ್ಲಿ ಅದನ್ನು ಮಾರ್ಫಿನ್, ಆಕ್ಸಿಕೊಡೋನ್‌ಗಳ ಸಾಲಿಗೆ, ಅಂದರೆ ಅತಿ ಬಿಗಿಯಾದ ನಿಯಂತ್ರಣದ ಪಟ್ಟಿಗೆ ಸೇರಿಸಿದರು. ಆಗಲೇ ಅವರ ಕೈ ಸುಟ್ಟಿತ್ತು. 1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಮಾತ್ರೆ ತಂದು, ಚಟ ಹಿಡಿಯುವುದು ಅಪರೂಪ ಎಂದು ವೈದ್ಯರನ್ನು ನಂಬಿಸಿತ್ತು. 2007ರಲ್ಲಿ ಜನರ ದಾರಿ ತಪ್ಪಿಸಿದ ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತ್ತು. ಇಷ್ಟೆಲ್ಲ ಗೊತ್ತಿದ್ದೂ 2011ರಲ್ಲಿ ಭಾರತದಲ್ಲಿ ಟ್ಯಾಪೆಂಟಡಾಲ್‌ಗೆ ಅನುಮತಿ ಸಿಕ್ಕಾಗ ಅದು ಸಾಮಾನ್ಯ ಚೀಟಿ ಔಷಧಗಳ ಗುಂಪಿಗೇ ಹೋಯಿತು. ಚೀಟಿ ಕೇಳದ ಅಂಗಡಿಗಳು ಎಷ್ಟಿವೆ ಎಂಬುದು ಬೆಂಗಳೂರಿನಲ್ಲಿ ಜ್ವರಕ್ಕೆ ಆ್ಯಂಟಿಬಯಾಟಿಕ್ ಕೊಂಡ ಯಾರಿಗಾದರೂ ಗೊತ್ತು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಜಾತಿಯ ವಸ್ತುಗಳನ್ನು ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ಅದು ಚಿಕಿತ್ಸೆ ಬೇಕಾಗುವಷ್ಟು ತೊಂದರೆಯಾಗಿದೆ. ಹೆರಾಯಿನ್ ಬಳಸುವವರು ಜನಸಂಖ್ಯೆಯ ಶೇ 1.14, ಔಷಧದ ರೂಪದಲ್ಲಿ ಬಳಸುವವರು ಶೇ 0.96. ಅಂದರೆ ಮೆಡಿಕಲ್ ಶಾಪಿನ ಮಾಲು ಹೆರಾಯಿನ್ನಿಗೆ ಬಹುಮಟ್ಟಿಗೆ ಸಮನಾಗಿ ನಿಂತಿದೆ.

ಹುಡುಗರು ಇದಕ್ಕೆ ಬೀಳುವುದು ಹೇಗೆ? ಕೆಲವರಿಗೆ ಶುರುವಾಗುವುದು ನಿಜವಾದ ನೋವಿನಿಂದ. ದಿನಕ್ಕೆ ಹನ್ನೆರಡು ತಾಸು ಬೈಕ್ ಓಡಿಸುವ ಡೆಲಿವರಿ ಹುಡುಗನ ಸೊಂಟ, ಮೂಟೆ ಹೊರುವವನ ಭುಜ. ಇನ್ನು ಕೆಲವರಿಗೆ ಗೆಳೆಯನ ಮಾತು, ಶಾಲೆ ಬಿಟ್ಟ ಮೇಲಿನ ಖಾಲಿ ಮಧ್ಯಾಹ್ನಗಳು, ಮನೆಯಲ್ಲಿ ಕುಡಿದು ಹೊಡೆಯುವ ಅಪ್ಪ. ಮಾತ್ರೆ ಮಿದುಳಿನಲ್ಲಿ ನೋವಿನ ಕದ ಮುಚ್ಚುತ್ತದೆ. ಮನಸ್ಸಿನ ನೋವಿಗೂ ದೇಹದ ನೋವಿಗೂ ಅದು ಭೇದ ಮಾಡುವುದಿಲ್ಲ. ಕೆಲವೇ ವಾರಗಳಲ್ಲಿ ಅದೇ ಪ್ರಮಾಣ ಸಾಲದಾಗುತ್ತದೆ. ನುಂಗುವುದು ನಿಂತು ಸೂಜಿ ಬರುತ್ತದೆ. ಹೊಟ್ಟೆಗೆಂದು ಮಾಡಿದ ಮಾತ್ರೆಯಲ್ಲಿ ಔಷಧದ ಜೊತೆಗೆ ಮಾತ್ರೆ ತಯಾರಿಸಲು ಬೆರೆಸುವ ಟಾಲ್ಕ್, ನಾರಿನ ಪುಡಿ ಇರುತ್ತವೆ. ಅವು ರಕ್ತದಲ್ಲಿ ಕರಗುವುದಿಲ್ಲ. ಸಣ್ಣ ರಕ್ತನಾಳಗಳಲ್ಲಿ, ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ. ನರ ಗಂಟುಕಟ್ಟುತ್ತದೆ, ಕೀವು ತುಂಬುತ್ತದೆ, ಬೆರಳು ಕಪ್ಪಾಗುತ್ತದೆ. ಒಂದೇ ಸೂಜಿ ನಾಲ್ವರ ಕೈ ದಾಟಿದರೆ ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಕೂಡ ದಾಟುತ್ತವೆ.

ಲಿಂಗರಾಜಪುರದ ಕಡೆಯ ತಾಯಿಯೊಬ್ಬರಿಗೆ ಮಗನ ವಿಷಯ ಗೊತ್ತಾದದ್ದು ಸಿರಿಂಜಿನಿಂದ. ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸಿರಿಂಜುಗಳನ್ನು ಫ್ರಿಜ್ ಮೇಲಿನ ಡಬ್ಬದಲ್ಲಿ ಇಡುತ್ತಿದ್ದರು. ತಿಂಗಳಿಗಾಗಬೇಕಾದದ್ದು ಹದಿನೈದು ದಿನಕ್ಕೇ ಖಾಲಿ. ಮೊದಲು ಅತ್ತೆಯ ಮರೆವು ಅಂದುಕೊಂಡರು. ‘ಏಪ್ರಿಲ್ ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕ್ಕೊಂಡು ತಿರುಗ್ತಿದ್ದ. ಸೊಳ್ಳೆ ಕಡಿಯುತ್ತೆ ಕಣಮ್ಮಾ ಅಂತಿದ್ದ. ನಾನು ನಂಬಿದೆ’ ಎಂದರು. ಸರ ಅಡವಿಗೆ ಹೋಯಿತು, ತಂಗಿಯ ಕಾಲೇಜು ಫೀಸು ಹೋಯಿತು. ಗಂಡ ಬೀಗ ಹಾಕಿ ಮೂರು ದಿನ ಕೋಣೆಯಲ್ಲಿ ಕೂಡಿಹಾಕಿದರು. ಆ ಮೂರು ದಿನ ಮಗ ಪಟ್ಟ ಪಾಡನ್ನು ಹೇಳುವಾಗ ಆಕೆ ತಮ್ಮ ಕೈಗಳನ್ನೇ ನೋಡುತ್ತಿದ್ದರು.

ಆ ಪಾಡಿಗೆ ವೈದ್ಯಶಾಸ್ತ್ರದಲ್ಲಿ ನಿಖರವಾದ ಲಕ್ಷಣಗಳಿವೆ. ಮೊದಲು ಆಕಳಿಕೆ. ಮೂಗು, ಕಣ್ಣಿನಲ್ಲಿ ನೀರು. ಮೈಯೆಲ್ಲ ಜುಮ್ಮೆಂದು ರೋಮ ನಿಮಿರುವುದು, ಕಣ್ಣಿನ ಪಾಪೆ ಹಿಗ್ಗುವುದು, ವಾಂತಿ, ಭೇದಿ, ಮೂಳೆಯೊಳಗಿಂದ ಹಿಂಡಿದಂಥ ನೋವು, ನಿದ್ದೆಯೇ ಇಲ್ಲ. ಪ್ರಾಣಕ್ಕೆ ಅಪಾಯ ಸಾಮಾನ್ಯವಾಗಿ ಬರುವುದು ಈ ದಿನಗಳಲ್ಲಲ್ಲ, ಆಮೇಲೆ. ಕೆಲವು ವಾರ ಬಿಟ್ಟಿದ್ದ ದೇಹ ಹಳೆಯ ಸಹನೆಯನ್ನು ಕಳೆದುಕೊಂಡಿರುತ್ತದೆ. ಆಗ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಕೂಡಿಹಾಕಿ ಬಿಡಿಸಿದವರನ್ನು, ಜೈಲಿನಿಂದ ಹೊರಬಂದವರನ್ನು ಕಳೆದುಕೊಳ್ಳುವುದು ಹೀಗೆಯೇ. ಆದ್ದರಿಂದ ಬೀಗ ಚಿಕಿತ್ಸೆಯಲ್ಲ. ಬೆಂಗಳೂರಿನ ಹೊರವಲಯದಲ್ಲಿ ಕೂಡಿಹಾಕುವುದನ್ನೇ ಚಿಕಿತ್ಸೆ ಎಂದು ಮಾರುವ ಕೇಂದ್ರಗಳಿಗೆ ಮಕ್ಕಳನ್ನು ಕಳಿಸುವ ಮುಂಚೆ ಹೆತ್ತವರು ಒಂದು ಮಾತು ಕೇಳಬೇಕು: ಮಾನಸಿಕ ಆರೋಗ್ಯ ಕಾಯ್ದೆ 2017ರಡಿ ಇದು ನೋಂದಣಿಯಾಗಿದೆಯೇ? ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಆ ಕಾಯ್ದೆ ಕಾಯಿಲೆ ಎಂದೇ ಪರಿಗಣಿಸುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ.

ಚಿಕಿತ್ಸೆ ಇದೆ. ನಾಲಿಗೆಯ ಕೆಳಗಿಟ್ಟು ಕರಗಿಸುವ ಬುಪ್ರೆನಾರ್ಫಿನ್ ಮಾತ್ರೆ, ಅದರಲ್ಲೂ ನಲಾಕ್ಸೋನ್ ಸೇರಿಸಿದ್ದು, ಸೆಳೆತವನ್ನು ತಣಿಸಿ ಮನುಷ್ಯನನ್ನು ಕೆಲಸಕ್ಕೆ, ಮನೆಗೆ ಹಿಂದಿರುಗಿಸುತ್ತದೆ. ಇದೂ ಅಫೀಮು ಜಾತಿಯದೇ. ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರೆ’ ಎಂದು ಹಲವರು ಆಕ್ಷೇಪಿಸುತ್ತಾರೆ. 1990ರ ದಶಕದಲ್ಲಿ ಇದೇ ಔಷಧದ ಇಂಜೆಕ್ಷನ್ ಚೆನ್ನೈ, ದೆಹಲಿಯ ಬೀದಿಗಳಲ್ಲಿ ಚಟವಾಗಿತ್ತು ಎಂಬುದೂ ನಿಜ. ಆದರೆ ವೈದ್ಯರ ಕಣ್ಣೆದುರು, ಅಳೆದು ಕೊಟ್ಟ ಪ್ರಮಾಣದಲ್ಲಿ ಅದೇ ಔಷಧ ಸೂಜಿಯಿಂದ ದೂರ ಇಡುತ್ತದೆ, ಸಾವನ್ನು ತಡೆಯುತ್ತದೆ. ಇದು ದೇಶದೇಶಗಳಲ್ಲಿ ಸಾಬೀತಾಗಿದೆ, ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ ಅದು ಇದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಡಲಿಲ್ಲವೆಂದು ಯಾರೂ ಬೈಯುವುದಿಲ್ಲ. ಈ ಹುಡುಗರನ್ನು ಮಾತ್ರ ಬೈಯುತ್ತೇವೆ.

ಎಲ್ಲ ಬಲವಾದ ನೋವಿನ ಔಷಧಗಳನ್ನೂ ಮುಚ್ಚಿಬಿಡಿ ಎನ್ನುವವರಿಗೆ ನಾನು ಮಾರತ್ತಹಳ್ಳಿಯ ಹತ್ತಿರದ ಕರುಣಾಶ್ರಯವನ್ನು ತೋರಿಸುತ್ತೇನೆ. ವಾಸಿಯಾಗದ ಕ್ಯಾನ್ಸರ್ ರೋಗಿಗಳ ಕೊನೆಯ ದಿನಗಳನ್ನು 1999ರಿಂದ ನೋಡಿಕೊಳ್ಳುತ್ತಿರುವ ಜಾಗ ಅದು. ಅಲ್ಲಿ ಮಾರ್ಫಿನ್ ಇಲ್ಲದೆ ನಡೆಯುವುದಿಲ್ಲ. 1985ರ ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರಿಂದ ದೇಶದಾದ್ಯಂತ ಲಕ್ಷಾಂತರ ರೋಗಿಗಳು ನರಳಿ ಸತ್ತರು. ನಿಯಮ ಸಡಿಲಿಸುವುದಕ್ಕೆ 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈಗ ಟ್ಯಾಪೆಂಟಡಾಲ್‌ನಲ್ಲೂ ಅದೇ ತಪ್ಪು ಆಗಬಾರದು. ಚೀಟಿ ಕೇಳುವುದು, ಸಗಟು ವ್ಯಾಪಾರಿಯಿಂದ ಅಂಗಡಿಗೆ ಹೋದ ಪ್ರತಿ ಪೆಟ್ಟಿಗೆಯ ಲೆಕ್ಕ ಇಡುವುದು, ಲೆಕ್ಕ ತಪ್ಪಿದವರ ಲೈಸೆನ್ಸು ರದ್ದುಮಾಡುವುದು ಔಷಧ ನಿಯಂತ್ರಣ ಇಲಾಖೆಯ ಕೆಲಸ. ಕೊಂಡು ಚುಚ್ಚಿಕೊಂಡ ಹುಡುಗನನ್ನು ಠಾಣೆಗೆ ಎಳೆಯುವುದರಿಂದ ಆ ಲೆಕ್ಕ ಸರಿಹೋಗುವುದಿಲ್ಲ.

ಠಾಣೆಯ ಭಯಕ್ಕೇ ಎಷ್ಟೋ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಅವರಿಗೆ ಗೊತ್ತಿಲ್ಲದ ಸಂಗತಿಯೊಂದು ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಅದರ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಆರೋಪಿಯಾದ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ, ಅದನ್ನು ಪೂರ್ಣಗೊಳಿಸಿದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಕೇಳಲು 14446 ಎಂಬ ಉಚಿತ ಸಹಾಯವಾಣಿ ಇದೆ. ಮನಸ್ಸಿನ ತೊಳಲಾಟಕ್ಕೆ 14416ರ ಟೆಲಿ ಮಾನಸ್ ಇದೆ, ಅದರ ರಾಷ್ಟ್ರೀಯ ಕೇಂದ್ರವೂ ನಿಮ್ಹಾನ್ಸೇ.

ಆ ತಾಯಿ ಮಗನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಕಮ್ಮನಹಳ್ಳಿ ಕಡೆಯಿಂದ ಹೊಸೂರು ರಸ್ತೆಗೆ ಹೋಗುವುದೆಂದರೆ ಊರನ್ನು ಅಡ್ಡ ಸೀಳಿಕೊಂಡು ಹೋಗಬೇಕು. ಮೈ ನಡುಗುತ್ತಿದ್ದ, ವಾಂತಿ ಬರುತ್ತಿದ್ದ ಹುಡುಗನನ್ನು ಬಸ್ಸಿನಲ್ಲಿ ಕೂರಿಸಲಾಗದೆ ಆಟೊ ಮಾಡಿದರು. ಮೊದಲ ಸಲ ಅವನು ಅರ್ಧ ದಾರಿಯಲ್ಲೇ ಇಳಿದು ಓಡಿಹೋದ. ಎರಡನೇ ಸಲ ಉಳಿದ. ಈಗ ಕೆಲಸಕ್ಕೆ ಹೋಗುತ್ತಿದ್ದಾನೆ, ಚಿಕಿತ್ಸೆಯ ಬುಪ್ರೆನಾರ್ಫಿನ್ ಮಾತ್ರೆ ಮುಗಿಯುವ ಮೊದಲು ಆಸ್ಪತ್ರೆಗೆ ಹೋಗಲು ತಾನೇ ನೆನಪಿಟ್ಟು ರಜೆ ಕೇಳುತ್ತಾನೆ. ಪೂರ್ವಭಾಗದ ಪ್ರತಿ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲೂ ಈ ಮಾತ್ರೆ ಸಿಗುವಂತಾಗಬೇಕು, ಸಂಜೆ ಕೆಲಸ ಮುಗಿಸಿ ಬಂದವರಿಗೂ ಬಾಗಿಲು ತೆರೆದಿರಬೇಕು ಎಂಬುದು ಆಕೆಯ ಬೇಡಿಕೆ. ‘ಅವತ್ತು ಆಟೊದಿಂದ ಇಳಿದು ಓಡಿಹೋದನಲ್ಲ, ಹತ್ತಿರದಲ್ಲೇ ಇದ್ದಿದ್ರೆ ಅಷ್ಟು ಹೊತ್ತು ತಡ್ಕೊಳ್ತಿದ್ದ’ ಎಂದರು.